ವಾಪಸಾದ ವೇಳೆ

ಮಾರ್ಚ್ 4, ಮಂಗಳವಾರ

ಮಿಕ್ಸಿ ಮೋಟರ್ ಮೂರು, ಟೇಬಲ್ ಫ್ಯಾನ್ ಒಂದು, ನೀರೆತ್ತುವ ಪಂಪ್ ಒಂದು. ಪಂಪ್ ಬಿಚ್ಚಿದರೆ ಒಳಗೆ ಸುಟ್ಟು ಕರಕಲಾದ ಹಲ್ಲಿ. ಓನರ್ ಅದನ್ನು ಸ್ಕ್ರೂಡ್ರೈವರ್ ತುದಿಯಲ್ಲಿ ಎತ್ತಿ ಗಿರಾಕಿಗೆ ತೋರಿಸಿ, "ನೋಡಿ ಸಾರ್, ಇದೇ ಕಾರಣ" ಅಂದರು. ಹಲ್ಲಿಯ ತಪ್ಪೇನೂ ಇರಲಿಲ್ಲ. ಹೋದ ವರ್ಷ ನಾವೇ ಸುತ್ತಿದ ಕಾಯಿಲ್, ವಾರ್ನಿಷ್ ಪೂರ್ತಿ ಒಣಗುವ ಮೊದಲೇ ಕೊಟ್ಟು ಕಳಿಸಿದ್ದೆವು. ಹಾಗೆಂದೆ. ಗಿರಾಕಿ ಹೋದ ಮೇಲೆ ಓನರ್, "ನಿನ್ನ ಬಾಯಿಗೂ ಒಂದು ಕೋಟ್ ವಾರ್ನಿಷ್ ಹೊಡೀಬೇಕು ಕಣಮ್ಮ" ಅಂದರು. ಬೈದದ್ದಲ್ಲ. ಅರ್ಧ ಬೈದದ್ದು.

ನಾಲ್ಕೂ ಹತ್ತಕ್ಕೆ ಕೈ ತಾನಾಗಿ ಬಟ್ಟೆಗೆ ಒರೆಸಿಕೊಂಡಿತು. ಅಜ್ಜನ ಫೋನ್ ಬರುವ ಹೊತ್ತು. ಅಜ್ಜ ಹೋಗಿ ಇಪ್ಪತ್ತನಾಲ್ಕು ದಿನ. ನನಗೆ ಗೊತ್ತಿದೆ, ಕೈಗೆ ಗೊತ್ತಿಲ್ಲ.

ಸಂಜೆ ಮಾವ ಬಂದರು. ಮಾಜಿ ಸೈನಿಕರ ಸಂಘದ ಹಾಲಿನಲ್ಲಿ ಅಜ್ಜನ ಫೋಟೋ ಹಾಕುತ್ತಾರಂತೆ, ಏಪ್ರಿಲ್ ಇಪ್ಪತ್ತಕ್ಕೆ. ಫೋಟೋದ ಕೆಳಗೆ ಒಂದು ಹಾಳೆ ಅಂಟಿಸುತ್ತಾರೆ — ಇಡೀ ಜೀವನ ಒಂದು ಪುಟದಲ್ಲಿ. ಅದನ್ನು ಅವತ್ತು ಎಲ್ಲರೆದುರು ಓದುತ್ತಾರೆ. ಬರೆಯಬೇಕಾದವಳು ನಾನು.

"ಸ್ಕೂಲ್ ಬಿಟ್ಟವಳ ಕೈಲಿ ಬರೆಸ್ತೀಯಲ್ಲೋ ಅಣ್ಣಾ" ಅಂದಳು ಅಮ್ಮ.

"ಸ್ಕೂಲ್ ಬಿಟ್ಟಿದ್ದು ಅವಳು. ಅಕ್ಷರ ಬಿಟ್ಟಿಲ್ವಲ್ಲ, ದುಂಡಗೇ ಇದೆ."

ಏನು ಬರೆಯಬೇಕೆಂದೂ ಮಾವನೇ ಹೇಳಿದರು. ಕಣ್ಣು ಮುಚ್ಚಿಕೊಂಡು, ಬಾಯಿಪಾಠ. ಶತ್ರುಗಳ ದಾಳಿಗೆ ಟೆಲಿಫೋನ್ ತಂತಿ ತುಂಡಾಯಿತು... ಕಾಲಿಗೆ ಗುಂಡು ಬಿದ್ದರೂ ಒಬ್ಬರೇ ತೆವಳಿಕೊಂಡು ಹೋಗಿ ತಂತಿ ಜೋಡಿಸಿದರು... ಇಡೀ ಪಡೆ ಉಳಿಯಿತು. ಈ ಕಥೆ ಮದುವೆ ಮನೆಗಳಲ್ಲಿ ನೂರು ಸಲ ಕೇಳಿದ್ದೇನೆ. ಮಾವನ ಬಾಯಲ್ಲಿ. ಅಜ್ಜನ ಬಾಯಲ್ಲಿ ಒಂದು ಸಲವೂ ಇಲ್ಲ.

ಬರೆಯುತ್ತೇನೆ ಅಂದೆ. ಆ ಕಥೆಯನ್ನೇ ಬರೆಯುತ್ತೇನೆ ಅನ್ನಲಿಲ್ಲ. ಮಾವ ಗಮನಿಸಲಿಲ್ಲ.

ಮಾರ್ಚ್ 6, ಗುರುವಾರ. ಸಂಜೆ

ಅಜ್ಜನ ಟ್ರಂಕ್ ತೆಗೆದೆ. ಬೀಗ ಇರಲಿಲ್ಲ, ಯಾರೂ ಮುಟ್ಟುತ್ತಿರಲಿಲ್ಲ ಅಷ್ಟೆ. ಒಳಗೆ ಒಂದು ಉಣ್ಣೆ ಸ್ವೆಟರ್. ಕಟಿಂಗ್ ಪ್ಲೇಯರ್, ಹಿಡಿಯ ರಬ್ಬರ್ ಸವೆದು ಕಬ್ಬಿಣ ಕಾಣುತ್ತದೆ. ಕಪ್ಪು ಇನ್ಸುಲೇಷನ್ ಟೇಪಿನ ಸುರುಳಿ, ಕಲ್ಲಾಗಿದೆ. ಕೆಳಗೆ ಒಂದು ರಟ್ಟಿನ ನೋಟ್‌ಬುಕ್.

ಅಜ್ಜ ಸೈನ್ಯದಲ್ಲಿ ಟೆಲಿಫೋನ್ ಲೈನ್‌ಮನ್. ಆ ಕಾಲದಲ್ಲಿ ನೆಲದ ಮೇಲೇ ತಂತಿ ಎಳೆದುಕೊಂಡು ಹೋಗುತ್ತಿದ್ದರಂತೆ, ಒಂದು ಠಾಣ್ಯದಿಂದ ಇನ್ನೊಂದಕ್ಕೆ. ಯಾವಾಗ ಬೇಕಾದರೂ ತುಂಡಾಗಬಹುದು — ಶೆಲ್ ಬಿದ್ದು, ಲಾರಿ ಹರಿದು. ಆಗ ಒಬ್ಬ ತಂತಿಯನ್ನು ಅಂಗೈಯಲ್ಲಿ ಸಡಿಲವಾಗಿ ಹಿಡಿದು, ಅದು ಕೈಯೊಳಗೇ ಹರಿಯುವ ಹಾಗೆ ನಡೆಯುತ್ತಾ ಹೋಗಬೇಕು. ಎಲ್ಲಿ ತಂತಿ ಮುಗಿಯುತ್ತದೋ ಅಲ್ಲಿ ಕಟ್. ಇಷ್ಟು ಮಾತ್ರ ಅಜ್ಜ ನನಗೆ ಹೇಳಿದ್ದರು. ನಾನು ಹತ್ತನೇ ಕ್ಲಾಸಿನ ಮಧ್ಯೆ ಸ್ಕೂಲ್ ಬಿಟ್ಟ ವಾರ.

ಅದಕ್ಕೊಂದು ದೊಡ್ಡ ಕಾರಣವಿತ್ತು ಎಂದು ಬರೆದರೆ ಸುಳ್ಳು. ಬೆಂಚಿನಲ್ಲಿ ಕೂರಲು ಆಗುತ್ತಿರಲಿಲ್ಲ, ಕಾಲು ಕುಣಿಯುತ್ತಿತ್ತು, ಒಂದು ದಿನ ಎದ್ದವಳು ಮತ್ತೆ ಹೋಗಲಿಲ್ಲ. ಅಮ್ಮ ಅತ್ತಳು. ಮಾವ ಕೂಗಾಡಿದರು. ಅಜ್ಜ ಮಾತ್ರ ಹಿತ್ತಲಿನ ಉದ್ದಕ್ಕೂ ಒಂದು ತಂತಿ ಎಳೆದು, ಎಲ್ಲೋ ಒಂದು ಕಡೆ ಕತ್ತರಿಸಿ ಮಣ್ಣು ಮುಚ್ಚಿ, "ಕಣ್ಣು ಮುಚ್ಕೋ ಬುಗುರಿ. ಎಲ್ಲಿ ಕಟ್ ಆಗಿದೆ ಹೇಳು" ಅಂದರು. ಎರಡು ನಿಮಿಷದಲ್ಲಿ ಹೇಳಿದೆ. ನನ್ನ ಅಂಗೈ ತಿರುಗಿಸಿ ನೋಡಿದರು. ಮರುದಿನ ರಿವೈಂಡಿಂಗ್ ಅಂಗಡಿಗೆ ಕರೆದುಕೊಂಡು ಹೋಗಿ ಓನರ್ ಮುಂದೆ ನಿಲ್ಲಿಸಿ, "ಇವಳಿಗೆ ತಲೆ ಇಲ್ಲ ಅಂತಾರೆ. ಕೈ ಇದೆ" ಅಂದರು.

ನೋಟ್‌ಬುಕ್ಕಿಗೆ ಬರುತ್ತೇನೆ. ಅದು ಲೈನ್ ರಿಜಿಸ್ಟರ್. ಅಜ್ಜನೇ ಸ್ಕೇಲಿನಲ್ಲಿ ಗೆರೆ ಎಳೆದದ್ದು. ದಿನ. ಎಲ್ಲಿಂದ ಎಲ್ಲಿಗೆ. ಹೋದವರು. ಹೊರಟ ವೇಳೆ. ವಾಪಸಾದ ವೇಳೆ. 'ಹೋದವರು' ಎಂಬಲ್ಲಿ ಎರಡೇ ಮಾತು — 'ನಾನು', ಇಲ್ಲವೇ 'ಜೋಡಿ'. ನಾನು, ಜೋಡಿ, ಜೋಡಿ, ನಾನು. ನೂರ ನಲವತ್ತಮೂರು ಸಾಲು ಎಣಿಸಿದೆ.

ಒಂದು ಸಾಲಿನಲ್ಲಿ 'ಜೋಡಿ' ಬೆಳಿಗ್ಗೆ 5.20ಕ್ಕೆ ಹೊರಟಿದ್ದಾನೆ. ವಾಪಸಾದ ವೇಳೆ ಖಾಲಿ.

ಆಮೇಲೆ ಹನ್ನೊಂದು ದಿನ ಏನೂ ಇಲ್ಲ. ಆಮೇಲೆ ನಾನು, ನಾನು, ನಾನು. ಪುಸ್ತಕ ಮುಗಿಯುವವರೆಗೆ ಬರೀ ನಾನು.

ಮಾರ್ಚ್ 8, ಶನಿವಾರ

ಒಂದು ತಿಂಗಳು.

ಹಾಳೆ ತೆಗೆದುಕೊಂಡು ಕೂತೆ. "ಕಾಲಿಗೆ ಗುಂಡು ಬಿದ್ದು" ಎಂದು ಬರೆಯುವ ಮೊದಲು ಅಮ್ಮನನ್ನು ಕೇಳಿದೆ, ಯಾವ ಕಾಲು ಅಂತ. ಅಜ್ಜ ಎಡಗಾಲು ಎಳೆಯುತ್ತಿದ್ದರು, ಗೊತ್ತು. ಸುಮ್ಮನೆ ಕೇಳಿದೆ.

ಅಮ್ಮ ಬಟ್ಟೆ ಮಡಿಸುತ್ತಿದ್ದಳು. "ಗುಂಡೂ ಇಲ್ಲ ಗಿಂಡೂ ಇಲ್ಲ. ಸೈನ್ಯದಿಂದ ಬಂದಮೇಲೆ ಟೆಲಿಫೋನ್ ಇಲಾಖೆಗೆ ಸೇರಿದ್ರಲ್ಲ, ಅಲ್ಲಿ ಕಂಬದಿಂದ ಬಿದ್ದಿದ್ದು. ನಾನಾಗ ಐದನೇ ಕ್ಲಾಸು. ಮೂರು ತಿಂಗಳು ಪ್ಲಾಸ್ಟರ್. ಅದರ ಮೇಲೆ ನಾನು ಹೂ ಬಿಡಿಸಿದ್ದೆ."

"ಮತ್ತೆ ಮಾವ ಹೇಳೋದು?"

"ಹೇಳ್ಕೊಳ್ಳಲಿ ಬಿಡೇ. ನಿಂಗ್ಯಾಕೆ?"

ಹಾಳೆ ಮಡಿಸಿ ಇಟ್ಟೆ.

ಅಜ್ಜನ ಫೋನ್ ಹುಚ್ಚು ಮನೆಯಲ್ಲಿ ದೊಡ್ಡ ತಮಾಷೆಯಾಗಿತ್ತು. ಯಾರ ಫೋನ್ ಹೊಡೆದರೂ ಎರಡನೇ ರಿಂಗ್ ಆಗಬಾರದು. ಸ್ನಾನದ ಮಧ್ಯೆ ಓಡಿಬಂದದ್ದುಂಟು, ಸೋಪು ಹಚ್ಚಿಕೊಂಡೇ. ಪಕ್ಕದ ಮನೆಯಲ್ಲಿ ಫೋನ್ ಹೊಡೆದು ಹೊಡೆದು ನಿಂತರೆ ಕಾಂಪೌಂಡಿನ ಮೇಲಿಂದ ಕೂಗುತ್ತಿದ್ದರು, "ಎತ್ರೋ! ಯಾರೋ ಕಾಯ್ತಿದಾರೆ!" ದಿನಾ ನಾಲ್ಕೂ ಹತ್ತಕ್ಕೆ ನನಗೆ ಅಂಗಡಿಗೆ ಫೋನ್. ಒಂದೇ ಮಾತು. "ಲೈನ್ ಸರಿ ಇದೆಯಾ?" ನಾನು "ಸರಿ ಇದೆ" ಅನ್ನಬೇಕು. ಇಡುತ್ತಿದ್ದರು. ಅಷ್ಟಕ್ಕೇ.

ಬರೆಯಬೇಕಾದ್ದು ಇನ್ನೊಂದಿದೆ. ಇವತ್ತು ಬೇಡ.

ಮಾರ್ಚ್ 9, ಭಾನುವಾರ

ಸಂಘದ ಹಾಲಿಗೆ ಹೋದೆ. ಉದ್ದದ ಕೋಣೆ, ತಗಡಿನ ಕುರ್ಚಿಗಳು, ಒಂದು ಕೇರಂ ಬೋರ್ಡ್. ಗೋಡೆಯಲ್ಲಿ ನಲವತ್ತೊಂದು ಫೋಟೋ, ನಲವತ್ತೊಂದು ಹಾಳೆ. ಎಲ್ಲ ಓದಿದೆ. ಎಲ್ಲರೂ ಒಬ್ಬರೇ ಹೋಗಿದ್ದಾರೆ, ಎಲ್ಲರೂ ಇಡೀ ಪಡೆಯನ್ನು ಉಳಿಸಿದ್ದಾರೆ.

ಸಂಘದ ಸೆಕ್ರೆಟರಿಯನ್ನು ಎಲ್ಲರೂ ಕಾಂಪೌಂಡರ್ ಎನ್ನುತ್ತಾರೆ. ಸೈನ್ಯದಲ್ಲಿ ಔಷಧಿ ಪೆಟ್ಟಿಗೆ ಹೊರುತ್ತಿದ್ದವರು, ಅಜ್ಜನ ಜೊತೆ ಒಂದೇ ಕಡೆ ಇದ್ದವರು. ನಾನು ಓದುವುದನ್ನು ನೋಡಿ ನಕ್ಕರು.

"ಈ ಗೋಡೆ ಮೇಲಿರೋರು ಯಾರೂ ಹೆದರಿಲ್ಲ, ಯಾರೂ ಅತ್ತಿಲ್ಲ, ಯಾರಿಗೂ ಭೇದಿ ಆಗಿಲ್ಲ. ಮೂರು ವರ್ಷ ನಾನು ಆ ಭೇದಿ ಮಾತ್ರೆ ಯಾರಿಗೆ ಹಂಚಿದ್ನೋ, ದೇವರಿಗೇ ಗೊತ್ತು."

ರಿಜಿಸ್ಟರ್ ತೆಗೆದು ಖಾಲಿ ಜಾಗ ತೋರಿಸಿದೆ. ನಗು ನಿಂತಿತು. ಕೇರಂ ಕಾಯಿಗಳನ್ನು ಬಿಳಿ ಒಂದು ಕಡೆ, ಕಪ್ಪು ಒಂದು ಕಡೆ ಜೋಡಿಸತೊಡಗಿದರು.

"ಜೋಡಿ ಅಂದ್ರೆ ಯಾರು ಅಜ್ಜಾ?"

"ಲೈನ್‌ಮನ್‌ಗಳು ಇಬ್ಬಿಬ್ಬರೇ ಇರ್ತಾರಮ್ಮ. ಒಬ್ಬ ನಡೀತಾನೆ, ಒಬ್ಬ ಫೋನ್ ಹತ್ರ ಕಾಯ್ತಾನೆ."

"ವಾಪಸ್ ಯಾಕೆ ಬರಲಿಲ್ಲ?"

"ಹಳೇ ಪುಸ್ತಕ. ಬಿಡು. ನಿಮ್ಮ ಮಾವ ಹೇಳಿದ್ದು ಬರಿ, ಚೆನ್ನಾಗೇ ಇದೆ."

ಬಸ್ಸಿನಲ್ಲಿ ರಿಜಿಸ್ಟರಿನ ಹಿಂದಿನ ರಟ್ಟು ಬೆಳಕಿಗೆ ಹಿಡಿದೆ. ಪೆನ್ಸಿಲಿನಲ್ಲಿ ನಾಲ್ಕಂಕಿಯ ಒಂದು ನಂಬರ್, ಹೊಡೆದುಹಾಕಿದೆ. ಕೆಳಗೆ ಐದಂಕಿ, ಅದೂ ಹೊಡೆದಿದೆ. ಆಮೇಲೆ ಏಳು. ಕೊನೆಗೆ ಬಾಲ್‌ಪೆನ್ನಿನಲ್ಲಿ ಹತ್ತಂಕಿ, ನಡುಗುವ ಕೈಯಲ್ಲಿ. ಯಾರದ್ದೋ ನಂಬರ್ ಬದಲಾದಾಗೆಲ್ಲ ಅಜ್ಜ ಬದಲಿಸಿಕೊಂಡು ಬಂದಿದ್ದಾರೆ. ಪಕ್ಕದಲ್ಲಿ ಹೆಸರಿಲ್ಲ. 'ಭಾನುವಾರ 11' ಎಂದಿದೆ.

ಭಾನುವಾರ ಹನ್ನೊಂದಕ್ಕೆ ಅಜ್ಜ ಮಹಡಿ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಬಿಸಿಲು ಕಾಯಲು ಅಂದುಕೊಂಡಿದ್ದೆವು.

ಮಾರ್ಚ್ 16, ಭಾನುವಾರ. ಮಧ್ಯಾಹ್ನ

ವಾರವಿಡೀ ಧೈರ್ಯ ಬರಲಿಲ್ಲ. ಭಾನುವಾರಕ್ಕೆ ಕಾದೆ ಎಂದು ನನಗೆ ನಾನೇ ಹೇಳಿಕೊಂಡೆ.

ಹನ್ನೊಂದಕ್ಕೆ ಸರಿಯಾಗಿ ಅದೇ ಮೆಟ್ಟಿಲ ಮೇಲೆ ಕೂತು ಮಾಡಿದೆ. ಒಂದು ರಿಂಗ್ ಪೂರ್ತಿ ಆಗಲಿಲ್ಲ.

"ಲೈನ್ ಸರಿ ಇದೆ" ಅಂತು ಒಂದು ಹೆಂಗಸಿನ ದನಿ. ವಯಸ್ಸಾದ ದನಿ. "ಐದು ವಾರ ಆಯ್ತಲ್ಲ, ಎಲ್ಲಿ ಹೋಗಿದ್ರಿ ನೀವು?"

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಆ ಕಡೆಯವರು ಕಾದರು. ಕಾದು ಅಭ್ಯಾಸವಿದ್ದವರು.

"ನಾನು ಅವರ ಮೊಮ್ಮಗಳು" ಅಂದೆ.

"ಬುಗುರಿನಾ?"

ಅಷ್ಟೇ ಕೇಳಿದ್ದು. ಮತ್ತೆ ಅವರೇ ಮೆಲ್ಲಗೆ, "ಯಾವಾಗ ಹೋದ್ರು ಮಗು?" ಅಂದರು.

ಅವರು ಜೋಡಿಯ ತಂಗಿ. ಆಗ ಹತ್ತೊಂಬತ್ತು ವರ್ಷದ ಹುಡುಗಿ, ಈಗ ಎಪ್ಪತ್ತು ದಾಟಿದೆ. ಒಂದು ರಾತ್ರಿ ರೈಲಿನಷ್ಟು ದೂರದ ಊರು. ಬಟನ್, ದಾರ, ಲೇಸ್ ಮಾರುವ ಸಣ್ಣ ಅಂಗಡಿ, ಮದುವೆಯಾಗಿಲ್ಲ. ಅಣ್ಣ ಸತ್ತ ಮರುವರ್ಷ ಎದುರಿನ ಅಂಗಡಿಗೆ ಅವರಿಗೊಂದು ಫೋನ್ ಬಂತಂತೆ. ಅಜ್ಜ. "ನಾನು ನಿಮ್ಮಣ್ಣನ ಜೊತೆಗಿದ್ದವನು. ಭಾನುವಾರ ಭಾನುವಾರ ಫೋನ್ ಮಾಡ್ತೀನಿ. ನೀವೇನೂ ಮಾತಾಡೋದು ಬೇಡ, ಎತ್ತಿದ್ರೆ ಸಾಕು." ಅಂದಿನಿಂದ ಒಂದು ವಾರ ತಪ್ಪಿಲ್ಲ. ಮೊದಲು "ಲೈನ್ ಸರಿ ಇದೆಯಾ", ಆಮೇಲೆ ಹತ್ತು ಹದಿನೈದು ನಿಮಿಷ ಮಾತು. ಮಳೆ, ಮೊಣಕಾಲು ನೋವು, ಯಾವ ಬಣ್ಣದ ದಾರ ಹೆಚ್ಚು ಹೋಗುತ್ತದೆ, ಬುಗುರಿ ಸ್ಕೂಲ್ ಬಿಟ್ಟದ್ದು. ಅಷ್ಟು ವರ್ಷದಲ್ಲಿ ಇವರಾಗಿ ಒಂದು ಸಲವೂ ಫೋನ್ ಮಾಡಿಲ್ಲ. "ಅದು ನಮ್ಮ ಪದ್ಧತಿ ಅಲ್ಲ. ಅವರು ಮಾಡೋದು, ನಾನು ಎತ್ತೋದು."

"ಅಣ್ಣ ತಂತಿ ಹಿಡ್ಕೊಂಡೇ ಇದ್ನಂತೆ. ಕಾಗದದಲ್ಲಿ ಬರೆದಿದ್ರು ಸೈನ್ಯದವರು. ಅಷ್ಟೇ ನನಗೆ ಗೊತ್ತಿರೋದು. ನಿಮ್ಮಜ್ಜ ಪ್ರತಿ ವಾರ ಇಡೋ ಮುಂಚೆ ಸುಮ್ಮನಾಗೋರು. ಏನೋ ಹೇಳಬೇಕು ಅನ್ನೋ ಹಾಗೆ. ಕೆಮ್ಮೋರು, ಇಟ್ಟುಬಿಡೋರು. ನಾನೂ ಕೇಳ್ಲಿಲ್ಲ, ಬರೋ ವಾರ ಹೇಳ್ತಾರೆ ಅಂತ. ಅದೇನು ಅಂತ ನಿಂಗೆ ಗೊತ್ತಾ ಮಗು?"

"ಗೊತ್ತಿಲ್ಲ ಅಜ್ಜಿ" ಅಂದೆ. ಗೊತ್ತಿರಲಿಲ್ಲ.

ಮಾರ್ಚ್ 17, ಸೋಮವಾರ

ಕೆಲಸ ಮುಗಿಸಿ ನೇರ ಹಾಲಿಗೆ ಹೋದೆ. ಕಾಂಪೌಂಡರ್ ಅಜ್ಜ ಒಬ್ಬರೇ ಟ್ಯೂಬ್‌ಲೈಟಿನ ಸ್ಟಾರ್ಟರ್ ತಿರುಗಿಸುತ್ತಿದ್ದರು. ಬಟನ್ ಅಂಗಡಿಯ ಅಜ್ಜಿಯ ಮಾತು ಹೇಳಿದೆ. ಸ್ಟೂಲಿನಿಂದ ಇಳಿದು ಕೂತರು. ಬಹಳ ಹೊತ್ತು ಕನ್ನಡಕ ಒರೆಸಿದರು.

ಹೇಳಿದ್ದನ್ನು ಹೇಳಿದ ಹಾಗೇ ಬರೆಯಲು ನೋಡುತ್ತೇನೆ.

"ಬೆಳಗಿನ ಜಾವ ತಂತಿ ಸತ್ತುಹೋಯ್ತು. ದಟ್ಟ ಮಂಜು, ಕೈ ಚಾಚಿದ್ರೆ ಬೆರಳು ಕಾಣಲ್ಲ. ಜೋಡಿ ಹೊರಟ. ನಿಮ್ಮಜ್ಜ ಫೋನ್ ಹತ್ರ ಕೂತ. ತಂತಿ ಹೋಗಿದ್ದು ಬಯಲಿನ ಮಧ್ಯೆ, ಎದುರಿನವರ ಕಣ್ಣೆದುರಿಗೇ. ಮಂಜಿದೆ ಅಂತ ಧೈರ್ಯ. ಕಟ್ ಎಲ್ಲಿದೆ ಹುಡುಕಿ, ಜೋಡಿಸಿ, ತನ್ನ ಹತ್ರ ಇರೋ ಫೋನ್ ಸಿಕ್ಕಿಸಿ ರಿಂಗ್ ಕೊಡ್ಬೇಕು. ಈ ಕಡೆಯವನು ಎತ್ತಿದ್ರೆ ಲೈನ್ ಸರಿಯಾಯ್ತು ಅಂತ. ಆಗ ಬಯಲು ಬಿಟ್ಟು, ಕೆಳಗಿನ ಹಳ್ಳದಲ್ಲಿ ಇಳಿದು ಆರಾಮಾಗಿ ವಾಪಸ್ ಬರಬೋದು. ಎತ್ತದೇ ಇದ್ರೆ ಇನ್ನೊಂದು ಕಟ್ ಇದೆ ಅಂತ ಅರ್ಥ. ಬಂದ ದಾರೀಲೇ, ಬಯಲಲ್ಲೇ, ತಂತಿ ಹಿಡ್ಕೊಂಡು ಗಜ ಗಜ ತಡವಿಕೊಂಡು ವಾಪಸ್ ಬರ್ಬೇಕು."

"ಎತ್ತಲಿಲ್ಲ" ಅಂದೆ.

"ನಾಲ್ಕು ದಿನದಿಂದ ಇಬ್ಬರಿಗೂ ನಿದ್ದೆ ಇರ್ಲಿಲ್ಲಮ್ಮ. ಕೂತಲ್ಲೇ ಕಣ್ಣು ಹತ್ತಿತ್ತು. ಕಾಲು ಗಂಟೆಯೂ ಇಲ್ಲ. ಎಚ್ಚರಾಗಿ ಇವನೇ ರಿಂಗ್ ಕೊಟ್ಟ, ಆ ಕಡೆ ಅವನು ಫೋನ್ ಬಿಚ್ಚಿಕೊಂಡು ನಡೆಯೋಕೆ ಶುರು ಮಾಡಿಯಾಗಿತ್ತು. ಲೈನು ಸರಿಯಾಗೇ ಇತ್ತು. ಇಲ್ಲದ ಕಟ್ ಹುಡುಕ್ತಾ ಬಯಲಲ್ಲಿ ಬರ್ತಿದ್ದ. ಅಷ್ಟರಲ್ಲಿ ಮಂಜು ಹರೀತು."

ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದರು. ಇಬ್ಬರೂ ಬೆಚ್ಚಿದೆವು.

"ಇದು ನಿಮಗೆ ಹೇಗೆ ಗೊತ್ತು? ಅಜ್ಜ ಹೇಳಿದ್ರಾ?"

"ನಾನು ಪಕ್ಕದ ಕಂದಕದಲ್ಲಿದ್ದೆ. ರಿಂಗ್ ನನಗೆ ಕೇಳಿಸ್ತು. ಹೊಡೀತು, ಹೊಡೀತು... ನಿಮ್ಮಜ್ಜ ಎತ್ತಾನೆ ಅಂದ್ಕೊಂಡೆ. ಹತ್ತು ಹೆಜ್ಜೆ. ಎದ್ದು ಹೋಗಿ ಎತ್ತಬೋದಿತ್ತು. ಫೋನ್ ನನ್ನ ಕೆಲಸ ಅಲ್ಲ, ಕಂಬಳಿ ಬೆಚ್ಚಗಿದೆ..." ನಿಲ್ಲಿಸಿದರು. "ಇದನ್ನ ನಿಮ್ಮಜ್ಜನಿಗೂ ಹೇಳಿಲ್ಲ ನಾನು. ವಾರಕ್ಕೆ ಮೂರು ದಿನ ಇಲ್ಲೇ ಎದುರುಬದುರು ಕೂತು ಕೇರಂ ಆಡ್ತಿದ್ವಿ."

ನಿನ್ನೆ ಗೊತ್ತಿಲ್ಲ ಅಂದದ್ದು ನಿಜ. ಇವತ್ತಿನಿಂದ ಅದು ನಿಜವಲ್ಲ.

ಮಾರ್ಚ್ 19, ಬುಧವಾರ

ಮಾವನಿಗೆ ಹೇಳಿದೆ. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ, ಬಂತು.

"ಸತ್ತ ಮನುಷ್ಯನ ಮೇಲೆ ಕೊಚ್ಚೆ ಎರಚೋಕೆ ನಿನ್ನ ಕೈಲಿ ಬರೆಸ್ತಿಲ್ಲ!"

"ಕೊಚ್ಚೆ ಅಲ್ಲ ಮಾವ. ಆಗಿದ್ದು."

"ಆಗಿದ್ದೆಲ್ಲ ಬರೀಬೇಕಾ? ನೀನು ಸ್ಕೂಲಿಂದ ಓಡಿಬಂದಿದ್ದನ್ನ ನಿನ್ನ ಮದುವೆ ಕಾಗದದಲ್ಲಿ ಅಚ್ಚು ಹಾಕಿಸ್ಲಾ?"

"ಹಾಕ್ಸಿ" ಅಂದೆ. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅಡುಗೆ ಮನೆಗೆ ಹೋದಳು.

ಮಾವ ಚಪ್ಪಲಿ ಹಾಕಿಕೊಂಡರು, ಮತ್ತೆ ಬಿಚ್ಚಿದರು. ಬಾಗಿಲ ಹತ್ತಿರವೇ ಕೂತರು. ದನಿ ಇಳಿದಿತ್ತು. "ಆ ಕಥೆ ನಾನೇ ಹುಟ್ಟಿಸಿದ್ದು ಕಣೇ. ಏಳನೇ ಕ್ಲಾಸಲ್ಲಿ. ಎಲ್ಲರ ಅಪ್ಪಂದಿರೂ ಏನೇನೋ. ನಮ್ಮಪ್ಪ ಏನೂ ಬಾಯಿ ಬಿಡ್ತಿರ್ಲಿಲ್ಲ. ಕಂಬ ಹತ್ತಿ ಬಿದ್ದು ಕಾಲು ಮುರ್ಕೊಂಡೋನು ಅಂತ ಹೇಳ್ಲಾ? ಗುಂಡು ಅಂದೆ. ಒಂದಿನ ಊಟಕ್ಕೆ ಕೂತಾಗ ಅವರೆದುರಿಗೇ ಯಾರಿಗೋ ಹೇಳಿಬಿಟ್ಟೆ. ತಟ್ಟೆ ಬಿಟ್ಟು ಎದ್ದುಹೋದ್ರು. ಬೈದಿದ್ರೆ ಅವತ್ತೇ ನಿಲ್ಲಿಸ್ತಿದ್ದೆ. ಬೈಲಿಲ್ಲ. ಆಮೇಲೆ ಹೇಳ್ತಾ ಹೇಳ್ತಾ..."

ಹೋಗುವಾಗ, "ಬರೀ, ಬರೀಬೇಡ, ನನ್ನ ಕೇಳ್ಬೇಡ" ಅಂದರು.

ಮಾರ್ಚ್ 22, ಶನಿವಾರ

ಹಾಳೆ ಬರೆದು ಮುಗಿಯಿತು. ಒಂದೇ ಪುಟ. ಬಯಲು, ಮಂಜು, ನಿದ್ದೆ, ರಿಂಗ್, ಭಾನುವಾರ. ಕಂಬದಿಂದ ಬಿದ್ದದ್ದೂ ಇದೆ, ಪ್ಲಾಸ್ಟರ್ ಮೇಲಿನ ಹೂವೂ ಇದೆ. ಮಧ್ಯಾಹ್ನ ಕಾಂಪೌಂಡರ್ ಅಜ್ಜನಿಗೆ ಕೊಟ್ಟೆ. ಅವರ ಸಂಗತಿ ಬರೆದಿರಲಿಲ್ಲ. ಎರಡು ಸಲ ಓದಿದರು. ಪೆನ್ನು ಕೇಳಿ, ಕೆಳಗೆ ತಮ್ಮ ಕೈಯಲ್ಲೇ ಒಂದು ಸಾಲು ಸೇರಿಸಿದರು — "ರಿಂಗ್ ಪಕ್ಕದ ಕಂದಕದಲ್ಲಿದ್ದ ನನಗೂ ಕೇಳಿಸಿತ್ತು." ಸಹಿ ಹಾಕಿದರು.

"ಹಾಕ್ತೀನಿ ಗೋಡೆಗೆ. ಆದ್ರೆ ಮೊದಲು ಆ ತಂಗಿಗೆ ಗೊತ್ತಾಗ್ಬೇಕು. ಅವಳು ಹೂಂ ಅಂದ್ರೆ ಮಾತ್ರ. ಇಲ್ಲಾಂದ್ರೆ ಬರೀ ಫೋಟೋ."

ನಾಳೆ ಭಾನುವಾರ.

ಅದಕ್ಕೆ ಮೊದಲು ಇದನ್ನು ಬರೆದುಬಿಡಬೇಕು. ಫೆಬ್ರವರಿ ಎಂಟು, ಶನಿವಾರ, ನಾಲ್ಕೂ ಹತ್ತು. ಕೈಯೆಲ್ಲ ವಾರ್ನಿಷ್ ಆಗಿತ್ತು, ಅದಕ್ಕೇ ಅಜ್ಜನ ಫೋನ್ ಎತ್ತಲಾಗಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಅಮ್ಮನಿಗೆ, ಡಾಕ್ಟರಿಗೆ, ಓನರಿಗೆ. ಕೈ ಒಣಗಿತ್ತು. ನನ್ನ ಜೊತೆ ಓದುತ್ತಿದ್ದ ಇಬ್ಬರು ಹುಡುಗಿಯರು ಹೇರ್ ಡ್ರೈಯರ್ ರಿಪೇರಿಗೆ ಬಂದಿದ್ದರು. ಈಗ ಕಾಲೇಜು ಅವರು, ಹೆಗಲಲ್ಲಿ ಬ್ಯಾಗು. ಅವರೆದುರು "ಲೈನ್ ಸರಿ ಇದೆ" ಅನ್ನಲು ನಾಚಿಕೆಯಾಯಿತು. ಹೊಡೆಯಿತು. ನೋಡಿದೆ. ಪೂರ್ತಿ ಹೊಡೆದು ನಿಂತಿತು. ಆಮೇಲೆ ಮಾಡಿದರಾಯಿತು ಅಂದುಕೊಂಡೆ, ಮರೆತೆ. ಆರಕ್ಕೆ ಮನೆಗೆ ಹೋದಾಗ ಅಜ್ಜ ಕುರ್ಚಿಯ ಪಕ್ಕ ನೆಲದ ಮೇಲಿದ್ದರು. ಅಮ್ಮ ಇನ್ನೂ ಕೆಲಸದಿಂದ ಬಂದಿರಲಿಲ್ಲ.

ಎತ್ತಿದ್ದರೂ ಉಳಿಯುತ್ತಿರಲಿಲ್ಲ ಅಂದರು ಡಾಕ್ಟರ್. ಇರಬಹುದು. ನನ್ನ ದನಿಯನ್ನಾದರೂ ಕೇಳುತ್ತಿದ್ದರು.

ಮಾರ್ಚ್ 23, ಭಾನುವಾರ

ಹೇಳಿದೆ. ಎಲ್ಲ ಹೇಳಿದೆ. ಅಜ್ಜನದ್ದು, ಕಾಂಪೌಂಡರ್ ಅಜ್ಜನದ್ದು, ಕೊನೆಗೆ ನನ್ನದು.

ಆ ಕಡೆ ಅಜ್ಜಿಯ ಅಂಗಡಿಯಲ್ಲಿ ಫ್ಯಾನ್ ಕಿರುಗುಟ್ಟುವುದು ಕೇಳಿಸುತ್ತಿತ್ತು. ಬೇರಿಂಗ್ ಹೋಗಿದೆ. ಅಂಥ ಹೊತ್ತಿನಲ್ಲೂ ಅದು ತಲೆಗೆ ಬಂತು.

"ಎಷ್ಟು ಹೊತ್ತು ನಿದ್ದೆ ಹೋಗಿದ್ರಂತೆ?"

"ಕಾಲು ಗಂಟೆಯೂ ಇಲ್ಲ ಅಂತಾರೆ."

"ಕಾಲು ಗಂಟೆ" ಅಂದರು.

ಆಮೇಲೆ ಫೋನ್ ಇಟ್ಟ ಸದ್ದು. ಜೋರಾಗಿ ಅಲ್ಲ. ಮೆಲ್ಲಗೆ, ಗಾಜಿನ ಲೋಟ ಇಟ್ಟ ಹಾಗೆ.

ಹಾಳೆಯ ವಿಷಯ ಕೇಳಲೇ ಇಲ್ಲ ನಾನು.

ಮಾರ್ಚ್ 30, ಭಾನುವಾರ

ಹನ್ನೊಂದಕ್ಕೆ ಮಾಡಿದೆ. ಎತ್ತಲಿಲ್ಲ. ಹನ್ನೊಂದೂ ಕಾಲಿಗೆ ಮತ್ತೊಮ್ಮೆ. ಎತ್ತಲಿಲ್ಲ.

ಏಪ್ರಿಲ್ 2, ಬುಧವಾರ

ಸೀಲಿಂಗ್ ಫ್ಯಾನಿನ ಕಾಯಿಲ್ ಸುತ್ತುತ್ತಿದ್ದೆ. ಮುನ್ನೂರು ದಾಟಿದ ಮೇಲೆ ಲೆಕ್ಕ ತಪ್ಪಿತು. ಪೂರ್ತಿ ಬಿಚ್ಚಿ ಮೊದಲಿಂದ ಸುತ್ತಿದೆ. ಓನರ್ ನೋಡಿದರು, ಹೊತ್ತು ಮೀರಿತು ಅನ್ನಲಿಲ್ಲ. ಟೀ ತರಿಸಿದರು, ನನ್ನ ಲೋಟಕ್ಕೆ ತಾವೇ ಸಕ್ಕರೆ ಹಾಕಿದರು. ಅವರಿಗೆ ಯಾರು ಹೇಳಿದರೋ.

ಹಾಲಿನಲ್ಲಿ ಮೊಳೆ ಹೊಡೆದಾಗಿದೆ. ನಲವತ್ತೆರಡನೇದು. ಹಾಳೆ ಕಾಂಪೌಂಡರ್ ಅಜ್ಜನ ಮೇಜಿನ ಗಾಜಿನ ಕೆಳಗಿದೆ.

ಏಪ್ರಿಲ್ 6, ಭಾನುವಾರ

ಇವತ್ತು ಒಂದೇ ಸಲ ಮಾಡಿದೆ, ಕಿವಿಗೆ ಒತ್ತಿ ಹಿಡಿದು, ಅದಾಗಿ ಕಡಿಯುವವರೆಗೆ. ಕಣ್ಣು ಮುಚ್ಚಿದ್ದೆ. ಆ ಕಡೆ ಹೊಡೆಯುತ್ತಲೇ ಇದೆ, ಯಾರೋ ಪಕ್ಕದಲ್ಲೇ ಇದ್ದಾರೆ ಅನ್ನಿಸುತ್ತದೆ, ಈಗ ಎತ್ತುತ್ತಾರೆ, ಈಗ... ಜೋಡಿ ಎಷ್ಟು ಹೊತ್ತು ಹಿಡಿದುಕೊಂಡಿದ್ದನೋ. ಮಂಜಿನಲ್ಲಿ, ಮೊಣಕಾಲೂರಿ. ಅಜ್ಜ ಫೆಬ್ರವರಿ ಎಂಟರಂದು ಎಷ್ಟು ಹೊತ್ತು ಹಿಡಿದುಕೊಂಡಿದ್ದರೋ.

ಅಮ್ಮ ಮೆಟ್ಟಿಲ ಹತ್ತಿರ ಬಂದು ನನ್ನ ತಲೆ ಮೇಲೆ ಕೈ ಇಟ್ಟಳು. ಅವಳಿಗೆ ಒಣಗಿದ ಕೈಯ ವಿಷಯ ಹೇಳಿದೆ. "ನಂಗೊತ್ತಿತ್ತು" ಅಂದಳು. "ಅವತ್ತು ಬಂದಾಗ ನಿನ್ನ ಕೈ ನೋಡಿದ್ದೆ."

ಏಪ್ರಿಲ್ 8, ಮಂಗಳವಾರ

ಬ್ಯಾಗಿಗೆ ಬಟ್ಟೆ ತುಂಬಿದೆ. ರೈಲು ಹತ್ತಿ ಹೋಗಿ ಬಟನ್ ಅಂಗಡಿ ಎದುರು ನಿಲ್ಲುವುದೇ ಅಂತ. ದಾರಿಯಲ್ಲಿ ಹಾಲಿಗೆ ಹೋಗಿ, ಹೊರಟಿದ್ದೇನೆ ಅಂದೆ.

ಕಾಂಪೌಂಡರ್ ಅಜ್ಜ ಬ್ಯಾಗು ನೋಡಿದರು, ನನ್ನ ಕುಣಿಯುವ ಕಾಲು ನೋಡಿದರು. "ಹೋಗಿ?"

"ಕೇಳ್ತೀನಿ."

"ಏನು? ಹೂಂ ಅನ್ನಿ ಅಂತಲಾ? ಐವತ್ತು ವರ್ಷ ಆಯಮ್ಮ ಎತ್ತಿದ್ದಾಳೆ. ಎರಡು ವಾರ ಎತ್ತದೇ ಇರೋಕೆ ಅವಳಿಗೆ ಹಕ್ಕಿಲ್ವಾ? ನಡೆಯೋದು ನಿಂಗೆ ಬರುತ್ತೆ. ಕಾಯೋದು ಬರಲ್ಲ. ಅದೂ ಲೈನ್‌ಮನ್ ಕೆಲಸಾನೇ ಕಣಮ್ಮ. ನಿಮ್ಮಜ್ಜ ತಪ್ಪಿದ್ದು ಅಲ್ಲೇ, ನಾನು ತಪ್ಪಿದ್ದೂ ಅಲ್ಲೇ."

ಬ್ಯಾಗು ಹೊತ್ತು ವಾಪಸ್ ಬಂದೆ. ಬಟ್ಟೆ ಇನ್ನೂ ತೆಗೆದಿಟ್ಟಿಲ್ಲ.

ಏಪ್ರಿಲ್ 12, ಶನಿವಾರ

ಮಾವ ಬಂದಿದ್ದರು. ಹಾಲಿಗೆ ಹೋಗಿ ಗಾಜಿನ ಕೆಳಗಿನ ಹಾಳೆ ಓದಿಕೊಂಡು ಬಂದರಂತೆ. ಚಪ್ಪಲಿ ಬಿಚ್ಚಿ ಒಳಗೆ ಬಂದು ಕೂತರು. ಆಮೇಲೆ, "ಪ್ಲಾಸ್ಟರ್ ಮೇಲೆ ನಾನೂ ಒಂದು ಲಾರಿ ಬಿಡಿಸಿದ್ದೆ. ಅದನ್ನ ಬರೆದಿಲ್ಲ ನೀನು" ಅಂದರು.

ಸೇರಿಸುತ್ತೇನೆ ಅಂದೆ.

ರಿಜಿಸ್ಟರ್ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟೆ. ಖಾಲಿ ಜಾಗದ ಕಾಗದ ಬೇರೆ ಕಡೆಗಿಂತ ನುಣುಪಾಗಿದೆ. ನನಗಿಂತ ಮೊದಲೇ ಇನ್ನೊಂದು ಬೆರಳು ಅಲ್ಲಿ ಬಹಳ ಸಲ ಓಡಾಡಿದೆ.

ಏಪ್ರಿಲ್ 13, ಭಾನುವಾರ. ಬೆಳಿಗ್ಗೆ 10.40

ಮೆಟ್ಟಿಲ ಮೇಲಿದ್ದೇನೆ. ಇವತ್ತು ನಾನು ಮಾಡುವುದಿಲ್ಲ. ಹೇಳಬೇಕಾದ್ದು ಹೇಳಿಯಾಗಿದೆ. ಮತ್ತೆ ಮತ್ತೆ ಹೊಡೆದರೆ ಅದು ಬಾಗಿಲು ಬಡಿದ ಹಾಗೆ. ಫೋನ್ ಮಡಿಲಲ್ಲಿದೆ. ಕೈ ಒಣಗಿದೆ, ಎರಡು ಸಲ ಒರೆಸಿಕೊಂಡೆ.

ಅವರಿಗೆ ಮಾಡಿ ಅಭ್ಯಾಸವಿಲ್ಲ. ಎತ್ತಿ ಮಾತ್ರ ಅಭ್ಯಾಸ. ನನ್ನ ನಂಬರ್ ಅವರ ಫೋನಿನಲ್ಲಿ ಬಿದ್ದಿರುತ್ತದೆ, ಅದನ್ನು ಹುಡುಕಿ ಒತ್ತಲು ಬರುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ.

10.55. ಪಕ್ಕದ ಮನೆಯಲ್ಲಿ ಫೋನ್ ಹೊಡೆಯುತ್ತಿದೆ. ಯಾರೂ ಎತ್ತುತ್ತಿಲ್ಲ. ಕಾಂಪೌಂಡಿನ ಮೇಲಿಂದ ಕೂಗಿದೆ, ಅಜ್ಜನ ಹಾಗೇ. ಎತ್ತಿದರು.

11.00. ಇಲ್ಲ.

ಕಾಲು ಕುಣಿಯುತ್ತಿದೆ. ಅಂಗೈಯಲ್ಲಿ ಒತ್ತಿ ಹಿಡಿದಿದ್ದೇನೆ. ಅಜ್ಜ ಇಲ್ಲೇ, ಈ ಸವೆದ ಕಲ್ಲಿನ ಮೇಲೆ ಕೂತು, ಪ್ರತಿ ವಾರ ಒಂದು ಮಾತು ಗಂಟಲಿನವರೆಗೆ ತಂದು ಕೆಮ್ಮಿ ನುಂಗುತ್ತಿದ್ದರು. ನಾನು ಕೆಳಗೆ ಅಂಗಳದಲ್ಲಿ ಸೈಕಲ್ ತುಳಿಯುತ್ತಿದ್ದೆ. ಒಂದು ಸಲ ಮೇಲೆ ಬಂದು ಪಕ್ಕದಲ್ಲಿ ಕೂತಿದ್ದರೆ...

11.04. ಬೆಳಕಾಯಿತು ಫೋನಿನಲ್ಲಿ. ಆ ಹತ್ತಂಕಿ. ಮೊದಲ ರಿಂಗಿಗೇ